ಮಿಂಚಂಚೆಗೂ ಬೇಕು ಅಂಕಿತ



ಪತ್ರಿಕೆಗೆ ಬರುವ ಪತ್ರಗಳೆಲ್ಲವೂ ಮುದ್ರಣಕ್ಕೆಂದು ಬರುವುವಲ್ಲ. ಮಗಳಿಗೆ ಸಂಬಂಧ ಕೂಡಿಬರಲಿಲ್ಲವೆಂದು ನೊಂದ ತಾಯಿ, ಆಸ್ತಿಯ ವಿಷಯದಲ್ಲಿ ಅಣ್ಣತಮ್ಮಂದಿರೊಡನೆ ಮಾತು ಬಿಟ್ಟ ಗೃಹಸ್ಥ, ಲಿಂಗೈಕ್ಯರಾದ ತಂದೆಯ ಸ್ಮರಣೆಗೆ ದಾಸೋಹ ಮಾಡಿಸಬಯಸುವ ಮಗ, ಇವರೆಲ್ಲ ಬರೆಯುತ್ತಾರೆ. ಅಂತಹ ಪತ್ರಗಳನ್ನು ಓದಿ, ಉತ್ತರಿಸಿ, ಜೋಪಾನವಾಗಿ ಇಡುವುದು ನಮ್ಮ ಹೊಣೆ. ಈಗ ಅವುಗಳಲ್ಲಿ ಬಹುಪಾಲು ಇ-ಮೇಲ್ ಮೂಲಕ ಬರುತ್ತಿವೆ. ಕಾಗದದ ಪತ್ರಕ್ಕೆ ಕಪಾಟುಂಟು, ಬೀಗವುಂಟು. ಈ ಪತ್ರಗಳ ಕಪಾಟು ಎಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆಯಿಂದಲೇ ನಾವು ಇ-ಮೇಲ್ ಸರ್ವರನ್ನು ಸ್ಥಾಪಿಸುವ ವಿದ್ಯೆಯನ್ನು ಕಲಿಯಲು ತೊಡಗಿದೆವು. ಕಲಿಸಿದವನು ಪ್ರಸಾದನಿಲಯದಲ್ಲಿದ್ದು ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ. ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರನ್ನು ಅರಿವಿನಲ್ಲಿ ಹಿರಿಯರೆಂದು ಮನ್ನಿಸಿದ ಪರಂಪರೆ ನಮ್ಮದು. ಕಿರಿಯರಿಂದ ಕಲಿಯುವುದಕ್ಕೆ ಇಲ್ಲಿ ಸಂಕೋಚವಿಲ್ಲ.

ಸರ್ವರ್ ಎಂದರೆ ಹಗಲಿರುಳು ಎಚ್ಚರವಾಗಿರುವ ಒಂದು ಗಣಕಯಂತ್ರ. ಅಂಚೆಯ ವಿಷಯದಲ್ಲಿ ಅದಕ್ಕೆ ಎರಡು ಕಾಯಕಗಳು. ಪತ್ರಗಳನ್ನು ಬರಮಾಡಿಕೊಂಡು ಕಳುಹಿಸಿಕೊಡುವುದು ಒಂದು. ಬಂದುದನ್ನು ಪೆಟ್ಟಿಗೆಯಲ್ಲಿ ಇರಿಸಿ, ಪಾಸ್‌ವರ್ಡ್ ಹೇಳಿದವರಿಗೆ ಮಾತ್ರ ತೆಗೆದುಕೊಡುವುದು ಮತ್ತೊಂದು. ಮೊದಲನೆಯದಕ್ಕೆ ಪೋಸ್ಟ್‌ಫಿಕ್ಸ್, ಎರಡನೆಯದಕ್ಕೆ ಡವ್‌ಕಾಟ್ ಎಂಬ ತಂತ್ರಾಂಶಗಳನ್ನು ಆಯ್ದುಕೊಂಡೆವು. ಪೋಸ್ಟ್‌ಫಿಕ್ಸನ್ನು ರಚಿಸಿದ ವೀಟ್ಸೆ ವೆನೆಮಾ ಅವರು ೧೯೯೮ರಲ್ಲಿ ಅದನ್ನು ಲೋಕದ ಕೈಗಿತ್ತರು. ಎರಡೂ ಬೆಲೆಯಿಲ್ಲದೆ ದೊರೆಯುತ್ತವೆ. ಇದನ್ನು ಜ್ಞಾನದಾಸೋಹವೆನ್ನದೆ ಮತ್ತೇನೆನ್ನಬೇಕು!

ಯಂತ್ರಗಳ ಪರಸ್ಪರ ಸಂಭಾಷಣೆಗೆ ಎಸ್.ಎಂ.ಟಿ.ಪಿ. ಎಂಬ ನಿಯಮಾವಳಿಯಿದೆ. ಜಾನ್ ಪೋಸ್ಟೆಲ್ ಎಂಬುವರು ೧೯೮೨ರಲ್ಲಿ ಇದನ್ನು ಬರೆದರು. ಪತ್ರ ತಂದ ಯಂತ್ರವು ೨೫ನೆಯ ಸಂಖ್ಯೆಯ ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳುತ್ತದೆ; ಪತ್ರ ಯಾರಿಂದ, ಯಾರಿಗೆ ಎಂಬುದನ್ನು ತಿಳಿಸುತ್ತದೆ; ಅನಂತರ ಪತ್ರವನ್ನು ಒಪ್ಪಿಸುತ್ತದೆ. ಪ್ರತಿಯೊಂದು ಮಾತಿಗೂ ಮೂರಂಕಿಯ ಉತ್ತರ. ೨೫೦ ಎಂದರೆ ಒಪ್ಪಿಗೆ. ೪ರಿಂದ ಮೊದಲಾದರೆ 'ತಡೆದು ಬಾ'. ೫ರಿಂದ ಮೊದಲಾದರೆ 'ಸಲ್ಲದು'. ವಿದ್ಯುತ್ತು ಹೋಗಿ ನಮ್ಮ ಯಂತ್ರ ನಿಂತಿದ್ದರೂ ಪತ್ರ ನಷ್ಟವಾಗುವುದಿಲ್ಲ. ಕಳುಹಿಸುವ ಯಂತ್ರವು ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗೆ ಬೇಸರಿಸದೆ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ.

ಆದರೆ ಈ ನಿಯಮಾವಳಿಯಲ್ಲಿ ಒಂದು ಕೊರತೆ ಉಳಿದುಹೋಯಿತು. 'ಯಾರಿಂದ' ಎಂಬಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ವಚನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಸಂಕಟ ಹೊಸದಲ್ಲ. 'ಕೂಡಲಸಂಗಮದೇವ' ಎಂಬುದು ಬಸವಣ್ಣನವರ ಅಂಕಿತವೆಂದು ಮಕ್ಕಳೂ ಬಲ್ಲರು. ಆದರೆ ಅಂಕಿತವಿದ್ದ ಮಾತ್ರಕ್ಕೆ ವಚನವು ಅವರದೇ ಎನ್ನುವಂತಿಲ್ಲ. ಶರಣರ ಅಂಕಿತದಲ್ಲಿ ಪರರು ಸೇರಿಸಿದ ಪ್ರಕ್ಷಿಪ್ತಗಳನ್ನು ಬೇರ್ಪಡಿಸಲು ಸಂಪಾದಕರು ತಾಳೆಯೋಲೆಯ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಬೇಕಾಯಿತು. ಅಂತೆಯೇ ಮಠದ ಹೆಸರಿನಲ್ಲಿ ಕಾಣಿಕೆ ಬೇಡುವ ಹುಸಿ ಪತ್ರವೊಂದು ಭಕ್ತರ ಮನೆಗೆ ಹೋದರೆ ಅದನ್ನು ಬೇರ್ಪಡಿಸುವವರು ಯಾರು? ಹಣ ಹೋದುದಕ್ಕಿಂತ ವಿಶ್ವಾಸ ಹೋದುದು ದೊಡ್ಡ ನಷ್ಟ.

ಈ ಕೊರತೆಗೆ ಈಚಿನವರು ಮೂರು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮೂರೂ ಡಿ.ಎನ್.ಎಸ್. ಎಂಬ ಅಂತರಜಾಲದ ವಿಳಾಸಪುಸ್ತಕದಲ್ಲಿ ಬರೆಯಿಸಬೇಕಾದವು. ಎಸ್.ಪಿ.ಎಫ್. ಎಂಬುದು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆಯೆಂಬ ಪಟ್ಟಿ. ಡಿ.ಕೆ.ಐ.ಎಂ. ಎಂಬುದು ಮುದ್ರೆ: ಗುಟ್ಟಿನ ಕೀಲಿಯಿಂದ ಪ್ರತಿ ಪತ್ರಕ್ಕೂ ಮುದ್ರೆ ಬೀಳುತ್ತದೆ, ವಿಳಾಸಪುಸ್ತಕದಲ್ಲಿರುವ ಬಹಿರಂಗ ಕೀಲಿಯಿಂದ ಯಾರಾದರೂ ಅದನ್ನು ಪರೀಕ್ಷಿಸಬಹುದು, ಮುದ್ರಿತ ಭಾಗವನ್ನು ದಾರಿಯಲ್ಲಿ ತಿದ್ದಿದರೆ ಮುದ್ರೆ ಒಡೆಯುತ್ತದೆ. ಡಿ.ಎಂ.ಎ.ಆರ್.ಸಿ. ಎಂಬುದು ಪರೀಕ್ಷೆಯಲ್ಲಿ ಸೋತ ಪತ್ರವನ್ನು ಸುಮ್ಮನೆ ಬಿಡಬೇಕೆ, ಬೇರೆ ಇಡಬೇಕೆ, ತಿರಸ್ಕರಿಸಬೇಕೆ ಎಂದು ನಾವು ಕೊಡುವ ಸೂಚನೆ. ಜಿ-ಮೇಲ್ ವಿಳಾಸಗಳಿಗೆ ದಿನಕ್ಕೆ ೫,೦೦೦ಕ್ಕೂ ಮಿಕ್ಕಿ ಪತ್ರ ಕಳುಹಿಸುವವರಿಗೆ ಗೂಗಲ್ ಸಂಸ್ಥೆಯು ೨೦೨೪ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿತು. ಕಡಿಮೆ ಕಳುಹಿಸುವವರಿಗೂ ಮೊದಲ ಎರಡರಲ್ಲಿ ಒಂದಾದರೂ ಬೇಕು. ಈ ಮೂರನ್ನೂ ಸೇರಿಸುವ ಮುನ್ನ ನಾವು ಪರೀಕ್ಷಾರ್ಥವಾಗಿ ಕಳುಹಿಸಿದ ಪತ್ರ ಬೇಡದ ಪತ್ರಗಳ ಪೆಟ್ಟಿಗೆಗೆ ಬಿದ್ದಿತು. ಸೇರಿಸಿದ ಬಳಿಕ ಕಳುಹಿಸಿದುದು ನೇರವಾಗಿ ಕೈಸೇರಿತು.

ವಿದ್ಯಾರ್ಥಿಯು ಒತ್ತಿ ಹೇಳಿದ ಮತ್ತೊಂದು ಎಚ್ಚರಿಕೆಯಿದೆ. ಗುರುತು ಕೇಳದೆ ಯಾರ ಪತ್ರವನ್ನಾದರೂ ಎಲ್ಲಿಗಾದರೂ ಸಾಗಿಸುವ ಸರ್ವರಿಗೆ 'ಓಪನ್ ರಿಲೇ' ಎಂದು ಹೆಸರು. ಮೋಸಗಾರರು ಅದನ್ನು ಹುಡುಕಿ, ಲಕ್ಷಗಟ್ಟಲೆ ಪತ್ರಗಳನ್ನು ಅದರ ಮೂಲಕ ಹರಿಯಬಿಡುತ್ತಾರೆ. ಆ ಸರ್ವರಿನ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ. ಅನ್ನದಾಸೋಹದ ಬಾಗಿಲು ಸರ್ವರಿಗೂ ತೆರೆದಿರಬೇಕು, ನಿಜ. ಆದರೆ ಮಠದ ಮೊಹರನ್ನು ದಾರಿಹೋಕರ ಕೈಗೆ ಕೊಡುವುದು ಔದಾರ್ಯವಲ್ಲ.

ಈಗ ನಮ್ಮ ಕಪಾಟು ಕಾರ್ಯಾಲಯದ ಕೋಣೆಯಲ್ಲಿಯೇ ಇದೆ. ಆದರೂ ಕಳುಹಿಸಿದವರ ಪ್ರತಿ ಅವರ ಅಂಚೆ ಸಂಸ್ಥೆಯಲ್ಲಿ ಉಳಿದೇ ಇರುತ್ತದೆಂಬುದನ್ನು ಮರೆಯಬಾರದು. ತಂತ್ರಾಂಶವನ್ನು ನವೀಕರಿಸುವುದು, ಇನ್ನೊಂದು ಪ್ರತಿ ತೆಗೆದಿಡುವುದು, ದಿನಚರಿಯ ದಾಖಲೆ ನೋಡುವುದು, ಇವು ಲಿಂಗಪೂಜೆಯಂತೆ ನಿತ್ಯ ತಪ್ಪಕೂಡದು. ಅಷ್ಟು ಮಾಡಲಾಗದ ಸಂಸ್ಥೆಗಳು ಸ್ವಂತ ಹೆಸರನ್ನು ನೋಂದಾಯಿಸಿ, ಯಂತ್ರದ ಹೊಣೆಯನ್ನು ಬಲ್ಲವರಿಗೆ ಒಪ್ಪಿಸುವುದೇ ಲೇಸು.

ಗೃಹಸ್ಥರಿಗೆ ನಮ್ಮ ಬಿನ್ನಹ ಇಷ್ಟೆ. ಒಂದಕ್ಷರ ಮಾತ್ರ ಬೇರೆಯಾದ ಹೆಸರನ್ನು ಕೊಂಡು, ಅದಕ್ಕೂ ಸರಿಯಾದ ಮುದ್ರೆಯೊತ್ತಿ ಬರೆಯುವ ವಂಚಕರುಂಟು. ಅಲ್ಲಿ ಯಂತ್ರದ ಪರೀಕ್ಷೆ ಸಾಲದು. ಕಾಣಿಕೆ ಕೇಳುವ ಪತ್ರ ಬಂದಾಗ '@' ಚಿಹ್ನೆಯ ಮುಂದಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿರಿ. ಸಂದೇಹವಿದ್ದರೆ ಪತ್ರದಲ್ಲಿರುವ ಸಂಖ್ಯೆಗಲ್ಲ, ನಿಮಗೆ ಮೊದಲೇ ತಿಳಿದಿರುವ ಸಂಖ್ಯೆಗೆ ದೂರವಾಣಿ ಮಾಡಿ ಕೇಳಿರಿ. ಕೇಳಿದರೆಂದು ಯಾವ ಮಠವೂ ಬೇಸರಿಸದು.