ಬೀಗ ಹಾಕಿದ ಮನೆಗೆ ಬಾಡಿಗೆಯ ಬೆಳಕು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ಊರಿನಲ್ಲಿ ಕಟ್ಟಿಸಿದ ಮನೆಗಳಲ್ಲಿ ಹಲವು, ವರ್ಷದ ಬಹುಪಾಲು ಮುಚ್ಚಿಯೇ ಇರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಇಂತಹ ಮನೆಯ ದಾರಂದಕ್ಕೆ ಗೆದ್ದಲು ಹತ್ತುವುದರಿಂದ ಮತ್ತು ಒಡೆದ ಒಂದೇ ಹಂಚಿನಿಂದ ಸೋರಿದ ನೀರು ಪಕ್ಕಾಸನ್ನು ಕೊಳೆಯಿಸುವುದರಿಂದ, ಮೂಡುಬಿದಿರೆ, ಉಜಿರೆಗಳಂತಹ ವಿದ್ಯಾಕೇಂದ್ರಗಳ ಆಸುಪಾಸಿನಲ್ಲಿ ವಸತಿ ಹುಡುಕುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅವುಗಳನ್ನು ಬಾಡಿಗೆಗೆ ಕೊಡುವುದು ಮಾಲೀಕರಿಗೂ ಬಾಡಿಗೆದಾರರಿಗೂ ಹಿತಕರ.

ಆದರೆ ಈ ವ್ಯವಹಾರ ಬಾಯಿಮಾತಿನಲ್ಲಿ ಮುಗಿಯಬಾರದು. ಮಾಲೀಕರ ಪರವಾಗಿ ಸಹಿ ಹಾಕುವ ಹಕ್ಕನ್ನು ಊರಿನ ಬಂಧುವಿಗೆ ಕೊಡುವ ಅಧಿಕಾರಪತ್ರವನ್ನು ವಿದೇಶದಲ್ಲಿ ಬರೆದಾಗ, ಅದನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಪಾವತಿಸಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯವಾದ್ದರಿಂದಲೇ 11 ತಿಂಗಳ ಕರಾರು ರೂಢಿಗೆ ಬಂದಿದೆ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ತೆರಿಗೆಯದು. ಮಾಲೀಕರು ಅನಿವಾಸಿಯಾಗಿದ್ದರೆ, ಬಾಡಿಗೆದಾರರೇ ಬಾಡಿಗೆಯಿಂದ ತೆರಿಗೆಯನ್ನು ಮುಂಚಿತವಾಗಿ ಮುರಿದುಕೊಂಡು, ಅಂದರೆ ಟಿಡಿಎಸ್ ಕಡಿತ ಮಾಡಿ, ಸರ್ಕಾರಕ್ಕೆ ಕಟ್ಟಬೇಕು. ಸೆಸ್ ಸೇರಿ ಇದರ ಸಾಮಾನ್ಯ ದರ ಶೇ. 31.2. ಉಳಿದ ಹಣವನ್ನು ಅನಿವಾಸಿಗಳ ಸ್ಥಳೀಯ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಖಾತೆಗೆ ಜಮಾ ಮಾಡುವುದು ಕ್ರಮ. ನಿಜವಾದ ತೆರಿಗೆ ಕಡಿಮೆಯಿದ್ದರೆ ಮಾಲೀಕರು ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿ ಹೆಚ್ಚುವರಿಯನ್ನು ಮರಳಿ ಪಡೆಯಬಹುದು.

ತಿಳಿಯದೆ ತಪ್ಪಿದರೆ ಹೊಣೆ ಬಡ ಬಾಡಿಗೆದಾರನ ಮೇಲೆ ಬೀಳುತ್ತದೆ. ಆದ್ದರಿಂದ ಗ್ರಾಮ ಪಂಚಾಯಿತಿಗಳೂ ಸಹಕಾರಿ ಸಂಘಗಳೂ ಈ ನಿಯಮಗಳನ್ನು ಕನ್ನಡದಲ್ಲಿ ತಿಳಿಸಿಕೊಡಲು ಮುಂದಾಗಬೇಕು. ಊರು ಬಿಡುವ ಮುನ್ನ ಮಾಲೀಕರು ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು.