ಅರಳಿಕಟ್ಟೆಗೆ ಹೋದ ಲಕ್ಷ್ಮಿ, ಕಂತಿನಲ್ಲಿ ಬಂದ ಕುದುರೆ

ನಿಮ್ಮೂರ ಅರಳಿಕಟ್ಟೆಗೆ ಒಮ್ಮೆ ಹೋಗಿ ನೋಡಿ. ಮರದ ಬುಡಕ್ಕೆ ಒರಗಿಸಿಟ್ಟ ಹಳೇ ದೇವರ ಪಟಗಳು ಇದ್ದೇ ಇರುತ್ತವೆ. ಗಾಜು ಒಡೆದ ಸರಸ್ವತಿ, ಕಟ್ಟಿಗೆ ಗೆದ್ದಲು ಹಿಡಿದ ಶಿವ-ಪಾರ್ವತಿ, ಮಳೆಗೆ ಬಣ್ಣ ಇಳಿದ ಕೃಷ್ಣ. ಮಣ್ಣಿನ ಗೋಡೆ ಕೆಡವಿ ಪುಟ್ಟಿ ಹಚ್ಚಿದ ಗೋಡೆ ಬಂದಾಗ ಇವೆಲ್ಲ ಇಲ್ಲಿಗೆ ಬರುತ್ತವೆ. ಕಸಕ್ಕೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಹೊಸ ಮನೆಯಲ್ಲಿಡಲೂ ಮನಸ್ಸಿಲ್ಲ.

ಕಳೆದ ಬೇಸಿಗೆಯಲ್ಲಿ ಹಾವೇರಿ ಕಡೆಯ ಒಂದು ಊರಲ್ಲಿ ಬಸ್ಸಿಗೆ ಕಾಯುತ್ತ ಇಂಥದೊಂದು ಕಟ್ಟೆಯ ಮೇಲೆ ಕೂತಿದ್ದೆವು. ಕಮಲದ ಮೇಲೆ ನಿಂತ ಲಕ್ಷ್ಮಿಯ ಪಟವೊಂದು ಕಣ್ಣಿಗೆ ಬಿತ್ತು. ಸೀರೆಯ ಮೇಲೆ ಯಾರೋ ನಿಜವಾದ ಜರಿ, ಚಮಕಿ ಅಂಟಿಸಿದ್ದರು. ಧೂಳು ಒರೆಸಿ ನೋಡಿದರೆ ಕೆಳಗಿನ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮ ಪ್ರೆಸ್ಸಿನ ಹೆಸರು. ಎದುರು ಮನೆಯ ಅಕ್ಕನನ್ನು ಕೇಳಿದೆವು, ಇದು ಯಾರ ಮನೇದು ಅಂತ.

"ನಮ್ಮದ ರೀ. ನಮ್ಮ ಅತ್ತಿ ತವರಿಂದ ತಂದಿದ್ದು. ಹೊಸ ಮನಿಗೆ ಚಂದ ಕಾಣಂಗಿಲ್ಲ ಅಂತ ಹುಡುಗ ಇಟ್ಟು ಬಂದಾನ."

ಚಹಾಕ್ಕೆ ಒಳಗೆ ಕರೆದರು. ಗೃಹಪ್ರವೇಶ ಆಗಿ ತಿಂಗಳೂ ಆಗಿರಲಿಲ್ಲ. ಹಾಲಿನ ಗೋಡೆಯ ತುಂಬ ಏಳು ಕುದುರೆ ಓಡುತ್ತಿದ್ದವು. ಐದು ತುಂಡಿನ ಚಿತ್ರ. ಫೋನಿನಲ್ಲಿ ನೋಡಿ, ಕಂತಿನ ಮೇಲೆ ತರಿಸಿದ್ದು.

ಆ ಹುಡುಗನನ್ನು ನಾವು ಬೈಯಲು ಹೊರಟಿಲ್ಲ. ಬೈಯುವ ಯೋಗ್ಯತೆಯೂ ನಮಗಿಲ್ಲ. ನಮ್ಮಲ್ಲೇ ಒಬ್ಬನ ಮನೆಯಲ್ಲಿ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಇದೇ ಕುದುರೆ ತರಿಸಿದ್ದೆವು. ಫೋನಿನಲ್ಲಿ ಸೋಫಾದ ಮೇಲೆ ಗೋಡೆ ತುಂಬ ಕಾಣುತ್ತಿತ್ತು. ಬಂದದ್ದು ಒಂದೊಂದು ತುಂಡು ಸ್ಲೇಟಿನಷ್ಟು. ಅಳತೆಯನ್ನು ಇಂಚಿನಲ್ಲಿ ಬರೆದೇ ಇದ್ದರು, ನಾವು ಓದಿರಲಿಲ್ಲ. ಮಳೆಗಾಲಕ್ಕೆ ಮೂಲೆಗಳು ಸುರುಳಿ ಎದ್ದವು, ಮುಂದಿನ ವರ್ಷಕ್ಕೆ ಕುದುರೆಗಳ ಮೈಮೇಲೆ ಗುಳ್ಳೆ. ಬಂದ ಬೀಗರು ಅವನ್ನು ನೋಡಿದ್ದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಕಡಿಮೆ ದುಡ್ಡಿನಲ್ಲಿ ಮನೆ ಸಿರಿವಂತವಾಗಿ ಕಾಣಬೇಕೆಂಬ ಆಸೆ ಹೊಸದೂ ಅಲ್ಲ, ತಪ್ಪೂ ಅಲ್ಲ. ಕಟ್ಟೆಗೆ ಹೋದ ಆ ಲಕ್ಷ್ಮಿಯೇ ಅದಕ್ಕೆ ಸಾಕ್ಷಿ. ರವಿವರ್ಮನ ಎಣ್ಣೆಬಣ್ಣದ ಚಿತ್ರಗಳು ಅರಮನೆಗಳಿಗೆ ಹೋಗುತ್ತಿದ್ದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಈಗಲೂ ನೋಡಬಹುದು. ಅಂಥ ಚಿತ್ರ ಬಡವರ ಗೋಡೆಗೂ ಬರಲೆಂದು 1894ರಲ್ಲಿ ಮುಂಬೈನಲ್ಲಿ ಆತ ಅಚ್ಚುಕೂಟ ಹಾಕಿದ. ಮುಂದೆ ಅದು ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಅದರ ಮೇಲೆ ಕಾಗದ ಒತ್ತಿ ಒತ್ತಿ ಚಿತ್ರ ಮೂಡಿಸುವ ಕೆಲಸ. ಅರಮನೆಯ ಗೋಡೆಯಲ್ಲಿದ್ದಂಥ ಲಕ್ಷ್ಮಿ ಹೀಗೆ ನಮ್ಮ ಅಜ್ಜಿಯರ ನಡುಮನೆಗೆ ಬಂದಳು. ಅಂದರೆ ಇವತ್ತು ನಾವು ಫೋನಿನಲ್ಲಿ ಹುಡುಕುವುದನ್ನು ಅವರು ಸಂತೆ, ಜಾತ್ರೆಯಲ್ಲಿ ಹುಡುಕಿ ತಂದಿದ್ದರು. ನಮಗಿಂತ ಚೆನ್ನಾಗಿ ಆರಿಸಿದ್ದರು ಅನ್ನುವುದು ನಮ್ಮ ವಾದ.

ಕಟ್ಟೆಯ ಮೇಲಿನ ಪಟಗಳನ್ನು ಹಳೇ ಸಾಮಾನಿನವರು ಆರಿಸಿಕೊಂಡು ಹೋಗುವುದೂ ಉಂಟು. ತೇಗದ ಕಟ್ಟು, ಕಲ್ಲಚ್ಚಿನ ಚಿತ್ರ ಎರಡಕ್ಕೂ ಊರಾಚೆ ಬೆಲೆಯಿದೆ. ನಿಮ್ಮ ಮನೆಯದು ಯಾವ ಬಗೆಯದೆಂದು ನೋಡಬೇಕಿದ್ದರೆ ಫೋನ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ. ಈಚಿನ ಕ್ಯಾಲೆಂಡರ್ ಅಚ್ಚಿನಲ್ಲಿ ಸಾಲಾಗಿ ಜೋಡಿಸಿದಂಥ ಚುಕ್ಕಿ ಕಾಣುತ್ತದೆ. ಹಳೇ ಕಲ್ಲಚ್ಚಿನಲ್ಲಿ ಬಣ್ಣ ಮರಳು ಚೆಲ್ಲಿದ ಹಾಗೆ ಅಂಕುಡೊಂಕಾಗಿ ಹರಡಿರುತ್ತದೆ. ಅಂಥದು ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಗಾಜು ಒಡೆದಿದ್ದರೆ ಗಾಜು ಹೊಸದು ಹಾಕಿಸಿದರಾಯಿತು. ಒಡೆದ ಗಾಜು ಮನೆಯಲ್ಲಿರಬಾರದು ಎನ್ನುವ ಹಿರಿಯರ ಮಾತಿಗೂ ಭಂಗ ಬರುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಕಟ್ಟಿಗೆ. ಚಿತ್ರಕ್ಕಿಂತ ಕಟ್ಟಿಗೆ ಹೆಚ್ಚು ಖರ್ಚು ಮಾಡಿ ಎನ್ನುತ್ತೇವೆ. ತಾಲೂಕು ಊರಿನ ಫೋಟೋ ಕಟ್ಟು ಹಾಕುವ ಅಂಗಡಿಗೆ ಹೋದರೆ ನಾವು ಸಾಮಾನ್ಯವಾಗಿ ಹೊಳೆಯುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತೋರಿಸಿ, ಚಿತ್ರಕ್ಕೆ ಅಂಟಿದಂತೆ ಕಟ್ಟು ಹಾಕಿಸಿ ತರುತ್ತೇವೆ. ಅಲ್ಲೇ ಮೌಂಟ್ ಬೋರ್ಡ್ ಇದೆಯಾ ಅಂತ ಕೇಳಿ. ಚಿತ್ರದ ಸುತ್ತ ಎರಡು ಮೂರು ಇಂಚು ಬಿಳಿಯ ಅಥವಾ ಕೆನೆಬಣ್ಣದ ದಪ್ಪ ರಟ್ಟು ಬಿಟ್ಟು, ಆಮೇಲೆ ಕಪ್ಪು ಇಲ್ಲವೇ ಮರದ ಬಣ್ಣದ ಸಾದಾ ಪಟ್ಟಿ ಹಾಕಿಸಿ. ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರವೂ ಬೇರೆಯೇ ಆಗಿ ಕಾಣುತ್ತದೆ. ನಾವು ಮೊದಲ ಸಲ ಕೇಳಿದಾಗ ಅಂಗಡಿಯವರು ಮೂಲೆಯಿಂದ ಧೂಳು ಹಿಡಿದ ಕಟ್ಟೊಂದನ್ನು ತೆಗೆದರು. ಯಾರೂ ಕೇಳೋದೇ ಇಲ್ಲ ಮಾರಾಯ್ರೇ, ಅಂದರು.

ಎರಡನೆಯದು ಎತ್ತರ. ಹಳೇ ಮನೆಗಳಲ್ಲಿ ಪಟಗಳು ತೊಲೆಯ ಹತ್ತಿರ, ಮುಂದಕ್ಕೆ ಬಾಗಿ ನೇತಾಡುತ್ತಿದ್ದವು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ, ಮರಕ್ಕೇ ಹೊಡೆಯಬೇಕಿತ್ತು. ಈಗ ಸಿಮೆಂಟಿನ ಗೋಡೆ ಬಂದರೂ ನಮ್ಮ ಕೈ ಬಾಗಿಲ ಮೇಲಕ್ಕೇ ಹೋಗುತ್ತದೆ. ಪಟದ ನಡುಭಾಗ ನೆಲದಿಂದ ಸುಮಾರು ಐದಡಿಗೆ ಬರುವಂತೆ ಇಳಿಸಿ ನೋಡಿ. ಹೆಚ್ಚು ಹೊತ್ತು ನೆಲದ ಮೇಲೇ ಕೂರುವ ಮನೆಯಾದರೆ ಇನ್ನೂ ಕೆಳಗೆ. ಒಂದು ಗೋಡೆಗೆ ಒಂದೇ ದೊಡ್ಡದು ಸಾಕು, ಉಳಿದ ಗೋಡೆ ಖಾಲಿ ಇರಲಿ. ಮಲೆನಾಡಿನವರು ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ತುಂಡು ಅಂಟಿಸಿ. ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ, ಶೀತ ಹತ್ತುವುದಿಲ್ಲ.

ಹೊಸದಾಗಿಯೇ ಚಿತ್ರ ಬೇಕೆನ್ನುವವರಿಗೆ ಒಂದು ದಾರಿ. ನಮ್ಮ ದೇಶದ ಕಾನೂನಿನಲ್ಲಿ ಕಲಾವಿದ ತೀರಿಕೊಂಡು 60 ವರ್ಷ ಕಳೆದ ಮೇಲೆ ಚಿತ್ರದ ಮೇಲಿನ ಹಕ್ಕು ಮುಗಿಯುತ್ತದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಆತನ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಹುಟ್ಟುಹಬ್ಬದ ಫ್ಲೆಕ್ಸ್ ಹೊಡೆಯುವ ಅಂಗಡಿಗಳಲ್ಲಿ ಕೇಳಿ ನೋಡಿ, ಹೊಳಪಿಲ್ಲದ ಒಳ್ಳೇ ಕಾಗದದ ಮೇಲೂ ಪ್ರಿಂಟ್ ಹಾಕಿಕೊಡುವವರಿದ್ದಾರೆ. 12 ಇಂಚು ಅಗಲ, 18 ಇಂಚು ಎತ್ತರಕ್ಕೆ ಫೈಲು 3600 × 5400 ಪಿಕ್ಸೆಲ್ ಇದ್ದರೆ ತುಂಬ ಚೆನ್ನ. ಅದರ ಅರ್ಧ ಇದ್ದರೂ ದೂರದಿಂದ ನೋಡುವ ಗೋಡೆಗೆ ನಡೆಯುತ್ತದೆ. ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ತೀರಿಹೋದ ಹಿರಿಯರ ಫೋಟೋಗೂ ಇದೇ ಮಾತು. ಜೀವಮಾನದಲ್ಲಿ ಕೋಟು ಹಾಕದ ಅಜ್ಜನಿಗೆ ಸ್ಟುಡಿಯೋದಲ್ಲಿ ಕೋಟು-ಟೈ ಹಾಕಿಸಿ, ಹಿಂದೆ ಜಲಪಾತ ಹರಿಸುವುದನ್ನು ನಾವೆಲ್ಲ ಮಾಡಿದ್ದೇವೆ. ಮೂಲ ಕಪ್ಪು-ಬಿಳುಪು ಫೋಟೋವನ್ನು ಹಾಗೆಯೇ ದೊಡ್ಡದು ಮಾಡಿಸಿ ಬಿಳಿ ರಟ್ಟಿನೊಳಗೆ ಕೂರಿಸಿ. ಪಟಕ ಸುತ್ತಿದ ಆ ಮುಖಕ್ಕಿಂತ ಘನವಾದದ್ದು ಯಾವ ಅಂಗಡಿಯಲ್ಲೂ ಇಲ್ಲ.

ಇನ್ನು ನಮ್ಮೊಳಗೇ ಜಗಳ ಹಚ್ಚಿದ ವಿಷಯ. ನಮ್ಮಲ್ಲೊಬ್ಬಳು ಸಾಗರದ ಕಡೆಯವಳು. ಅಲ್ಲಿ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ, ಪುಂಡಿನಾರಿನ ಕುಂಚ. ಮದುವೆಗೆ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಹಸೆಯ ಚಿತ್ತಾರವನ್ನು ಕಂಡವರ ಹಾಲಿಗೆ ಅಲಂಕಾರ ಮಾಡುವುದು ಸರಿಯೇ ಅನ್ನುವುದು ಅವಳ ಪ್ರಶ್ನೆ. ಬರೆಯುವವರೇ ಈಗ ಬಟ್ಟೆ, ಹಲಗೆಯ ಮೇಲೆ ಬರೆದು ಮಾರುತ್ತಿದ್ದಾರೆ, ಅದು ಅವರ ದುಡಿಮೆ ಎಂದು ಉಳಿದವರು ಅಂದೆವು. ಕೊನೆಗೆ ಒಂದು ಮಾತಿಗೆ ಎಲ್ಲರೂ ಒಪ್ಪಿದೆವು: ಮಷಿನ್ ಪ್ರಿಂಟಿನ ಚಿತ್ತಾರ ಬೇಡ, ಬರೆದವರ ಕೈಯಿಂದಲೇ ಸಣ್ಣದೊಂದನ್ನು ತಗೊಳ್ಳೋಣ, ಚೌಕಾಸಿ ಮಾಡದೆ ತಗೊಳ್ಳೋಣ. ಒಂದೊಂದು ಎಳೆ ಗೆರೆ ಎಳೆಯುವುದನ್ನು ಕೂತು ನೋಡಿದವರು ಚೌಕಾಸಿಗೆ ಬಾಯಿ ತೆರೆಯಲಾರರು.

ಕೌದಿಯ ವಿಷಯದಲ್ಲಿ ಮಾತ್ರ ಜಗಳವೇ ಇಲ್ಲ. ಹಳೇ ಸೀರೆ, ಧೋತರದ ತುಂಡು ಜೋಡಿಸಿ ಅವ್ವ ಹೊಲಿದ ಕೌದಿ ಉತ್ತರ ಕರ್ನಾಟಕದ ಯಾವ ಮನೆಯಲ್ಲಿಲ್ಲ? ನೆಂಟರು ಬಂದರೆ ಅದನ್ನು ಮಡಿಚಿ ಒಳಗಿಟ್ಟು ಅಂಗಡಿಯ ಚಾದರ ಹಾಸುತ್ತೇವೆ. ಹರಿದ ಸೀರೆಯ ನೆನಪು ನಮಗೆ ಬಡತನವಾಗಿ ಕಾಣುತ್ತದೆ. ಅದೇ ಕೌದಿಯನ್ನು ಬೆಂಗಳೂರಿನ ಸ್ಥಿತಿವಂತರ ಮನೆಗಳಲ್ಲಿ ಬಿಳಿ ಗೋಡೆಗೆ ತೂಗುಹಾಕಿ, ಮೇಲೆ ದೀಪ ಬಿಟ್ಟಿರುತ್ತಾರೆ. ಪೇಟೆಯವರು ಮೆಚ್ಚಿದರೆಂದು ನಾವು ಮೆಚ್ಚಬೇಕಿಲ್ಲ. ಆದರೆ ಅವ್ವನ ಕೈಕೆಲಸ ನೋಡಿ ನಾಚಿಕೊಂಡು, ಸಾಲ ಮಾಡಿ, ಯಾರ ಕೈಯೂ ತಾಗದ ಕುದುರೆ ತರುವುದು ಯಾವ ಲೆಕ್ಕ? ಮೇಲಿನ ಅಂಚಿಗೆ ಹಿಂದಿನಿಂದ ಬಟ್ಟೆಯ ಪಟ್ಟಿ ಹೊಲಿದು ಅದರೊಳಗೆ ಬಿದಿರುಕೋಲು ತೂರಿಸಿದರೆ ಕೌದಿ ಗೋಡೆಗೆ ನೆಟ್ಟಗೆ ನಿಲ್ಲುತ್ತದೆ. ಬಿಸಿಲು ಬೀಳದ ಗೋಡೆ ಆರಿಸಿ.

ಹೊಸ ಮನೆಗೆ ಹೊಸದೇ ಬೇಕು, ಹಳೇದು ಕಂಡರೆ ಉದ್ಧಾರ ಆಗಿಲ್ಲ ಅಂತಾರೆ ಎಂದು ಒಬ್ಬ ಓದುಗ ಗೆಳೆಯ ನಮಗೆ ಹೇಳಿದ. ಅವನ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಸೋರುವ ಮನೆಯಲ್ಲಿ ಬೆಳೆದವನಿಗೆ ಹೊಸ ಗೋಡೆಯ ಮೇಲೆ ಹೊಸ ಚಿತ್ರ ಬೇಕೆನಿಸಿದರೆ ತಪ್ಪೇನು? ಕೊಳ್ಳಲಿ. ಸಂಘದ ಸಾಲದಲ್ಲಿ ಬೇಡ, ಅಳತೆ ಓದಿ ಕೊಳ್ಳಲಿ, ಹಳೇದನ್ನು ಕಟ್ಟೆಗೆ ಇಡುವ ಮುಂಚೆ ಒಮ್ಮೆ ತಿರುಗಿಸಿ ನೋಡಲಿ ಎಂದಷ್ಟೇ ನಾವು ಕೇಳುವುದು.

ಆ ಅಕ್ಕನ ಲಕ್ಷ್ಮಿಗೆ ಏನಾಯಿತು ಅಂತ ಹೇಳಬೇಕಲ್ಲ. ಒಮ್ಮೆ ಕಟ್ಟೆಗೆ ಇಟ್ಟದ್ದನ್ನು ವಾಪಸ್ ತರಬಾರದು ಎಂದು ಪಕ್ಕದ ಮನೆಯವರು ತಕರಾರು ತೆಗೆದರಂತೆ. "ನಮ್ಮ ಅತ್ತೀನ್ನ ನಮ್ಮ ಮನಿಗೆ ಕರಕೊಂಡ ಬರಾಕ ಯಾರ ಅಪ್ಪಣಿ ಬೇಕು?" ಅಂದು ಅಕ್ಕ ತಂದೇಬಿಟ್ಟರು. ಪಟವನ್ನು ತಾಲೂಕಿಗೆ ಒಯ್ದು ಗಾಜು ಹಾಕಿಸಿ, ಹಿಂದಿನ ರಟ್ಟು ಬದಲಿಸಿ, ತೇಗದ ಕಟ್ಟಿಗೆ ಪಾಲಿಶ್ ಮಾಡಿಸಿ ಕೊಟ್ಟೆವು. ದಸರೆಗೆ ಹೋದಾಗ ಅದು ಹಾಲಿನಲ್ಲಿ, ಬಾಗಿಲಿಗೆ ಎದುರಾಗಿ, ಕಣ್ಣಿನ ಎತ್ತರಕ್ಕಿತ್ತು. ಮಗನೇ ಅಳತೆ ಹಿಡಿದು ಮೊಳೆ ಹೊಡೆದನಂತೆ.

ಕುದುರೆಗಳು ಎದುರಿನ ಗೋಡೆಗೆ ಹೋಗಿದ್ದವು. ಇನ್ನೂ ತೆಗೆದಿಲ್ಲವಾ ಅಂತ ಕೇಳಿದೆವು.

"ಹೆಂಗ ತಗೀಲಿ? ಇನ್ನೂ ಮೂರು ಕಂತು ಬಾಕಿ ಐತಿ," ಅಂದರು ಅಕ್ಕ.