ನಿಮ್ಮ ರೆಸ್ಯೂಮೆಯಲ್ಲಿ ನೀವೇ ಇಲ್ಲ

ತಾಲ್ಲೂಕಿನ ಉದ್ಯೋಗ ಮೇಳವೊಂದರ ವರದಿಗೆ ಹೋಗಿದ್ದೆವು. ಪದವಿ ಮಕ್ಕಳ ಕೈಯಲ್ಲಿದ್ದ ರೆಸ್ಯೂಮೆಗಳನ್ನು ಇಸಿದುಕೊಂಡು ನೋಡಿದೆವು. ಹೆಸರು, ಫೋಟೊ ಬೇರೆ ಬೇರೆ, ಉಳಿದದ್ದೆಲ್ಲ ಒಂದೇ. ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರ್‌ನಲ್ಲಿ ಹೆಸರು ಬದಲಿಸಿ ಪ್ರಿಂಟ್ ಹಾಕಿಸಿದ್ದು. ಜಾತಿ, ಧರ್ಮ, ಅಪ್ಪನ ಕಸುಬು, ಮದುವೆ ಆಗಿಲ್ಲ ಅನ್ನೋ ಮಾಹಿತಿ, ಕೊನೆಗೆ ಆಧಾರ್ ನಂಬರ್ ಕೂಡ! ಇದು ಕೆಲಸದ ಅರ್ಜಿಯೋ, ಮದುವೆ ಬಯೋಡೇಟಾವೋ?

ಅನುಭವದ ಜಾಗದಲ್ಲಿ ಮಾತ್ರ ಎಲ್ಲರದ್ದೂ ಒಂದೇ ಪದ: ಫ್ರೆಷರ್.

ಇದನ್ನು ನಾವು ಒಪ್ಪೋದಿಲ್ಲ. ದಿನಾ ಬೆಳಿಗ್ಗೆ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡಿ ಲೆಕ್ಕ ಬರೆಯುವ ಹುಡುಗ ಫ್ರೆಷರ್ ಹೇಗಾಗ್ತಾನೆ? ಅಮ್ಮನ ಸ್ವಸಹಾಯ ಸಂಘದ ಪುಸ್ತಕ ಬರೆಯುವ ಹುಡುಗಿ? ಎನ್ಎಸ್ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಮೇಲೆ 7 ದಿನದ ಶಿಬಿರ. ಅದರ ಬಗ್ಗೆ ಒಂದು ಸಾಲೂ ಇಲ್ಲ.

ತಪ್ಪು ಮಕ್ಕಳದ್ದಲ್ಲ. ಮೂರು ವರ್ಷ ಫೀಸು ಕಟ್ಟಿಸಿಕೊಂಡ ಕಾಲೇಜು ಇದಕ್ಕೆ ಒಂದು ಗಂಟೆ ಕೊಡಲಿಲ್ಲ. ಪ್ಲೇಸ್‌ಮೆಂಟ್ ಸೆಲ್ ಅಂತ ಬೋರ್ಡಿದೆ, ಬಾಗಿಲಿಗೆ ಬೀಗವೂ ಇದೆ. ಪ್ರಾಂಶುಪಾಲರೇ, ಆ ಬೀಗ ತೆಗೆಸಿ.

ತಮ್ಮಂದಿರೇ, ತಂಗಿಯರೇ, ಅಲ್ಲಿಯವರೆಗೆ ಕಾಯಬೇಡಿ. ಒಂದೇ ಪುಟ ಸಾಕು. ಮೇಲೆ ಹೆಸರು, ಫೋನ್, ಇಮೇಲ್. ಆಮೇಲೆ ಓದು. ಆಮೇಲೆ ಮಾಡಿದ ಕೆಲಸ, ಲೆಕ್ಕ ಸಮೇತ: "ಎರಡು ವರ್ಷದಿಂದ ದಿನಕ್ಕೆ 80 ಜನರ ಹಾಲಿನ ಲೆಕ್ಕ ಬರೆಯುತ್ತಿದ್ದೇನೆ." ಜಾತಿ, ಆಧಾರ್ ಬೇಡ. ಬಾರದ ಎಕ್ಸೆಲ್ ಬರುತ್ತೆ ಅಂತಲೂ ಬರೀಬೇಡಿ, ಎದುರಿಗೆ ಕೂರಿಸಿ ಮಾಡಿಸ್ತಾರೆ.

ಸೈಬರ್ ಸೆಂಟರ್‌ನವರು ಟೈಪ್ ಮಾಡಲಿ. ಬರೆಯೋರು ನೀವೇ ಆಗಿ.